ಗಾಯಕ್ಕಿಂತ ಮೊದಲು ಹಿಕ್ಕೆ ನೋಡಿ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮನೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಮೊಲ ಇವೆ. ಗಂಡಿಗೆ 7 ತಿಂಗಳು. ಮುಂದಿನ ವಾರ ಅದಕ್ಕೆ ಸಂತಾನಹರಣ ಆಪರೇಷನ್. ಹಿಂದೆ ನಾಯಿಗೆ ಮಾಡಿಸಿದಾಗ ರಾತ್ರಿಯಿಂದಲೇ ಉಪವಾಸ ಇಟ್ಟಿದ್ದೆವು. ಇದಕ್ಕೂ ಹಾಗೇನಾ? ಆಪರೇಷನ್ ಆದಮೇಲೆ ಎರಡು ದಿನ ಹಾಲನ್ನ ಕೊಟ್ಟರೆ ಸಾಕು ಅಂತಾರೆ ನಮ್ಮತ್ತೆ. ಎರಡನ್ನೂ ಮತ್ತೆ ಒಟ್ಟಿಗೆ ಬಿಡುವುದು ಯಾವಾಗ, ಡಾಕ್ಟರೇ?

ಉತ್ತರ: ಉಪವಾಸ ಬೇಡವೇ ಬೇಡ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗದಿರಲಿ ಅಂತ ನಾಯಿಯ ಹೊಟ್ಟೆ ಖಾಲಿ ಇಡಿಸುತ್ತೇವೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಅದರ ಕರುಳು ಸದಾ ಓಡುತ್ತಿರಬೇಕು, ನಿಂತರೆ ಜೀವಕ್ಕೇ ಅಪಾಯ. ಬಾಯಲ್ಲಿ ಹುಲ್ಲು ಉಳಿಯದಿರಲಿ ಅಂತ ಆಪರೇಷನ್ ಮಾಡುವ ಡಾಕ್ಟರ್ ಒಂದೆರಡು ಗಂಟೆ ನಿಲ್ಲಿಸಲು ಹೇಳಿದರೆ ಸರಿ. ರಾತ್ರಿಯಿಡೀ ಏನೂ ಕೊಡಬೇಡಿ ಅಂದರೆ, "ಇದು ಮೊಲ, ಸರ್" ಅಂತ ಇನ್ನೊಮ್ಮೆ ನೆನಪಿಸಿ. ಆಗಲೂ ಅದೇ ಮಾತು ಬಂದರೆ ಮೊಲ ನೋಡಿ ಅಭ್ಯಾಸವಿರುವ ಬೇರೆ ಡಾಕ್ಟರನ್ನು ಹುಡುಕುವುದು ವಾಸಿ.

ಮನೆಗೆ ತಂದಮೇಲೆ ಎಲ್ಲರೂ ಗಾಯವನ್ನೇ ಬಗ್ಗಿ ಬಗ್ಗಿ ನೋಡುತ್ತಾರೆ. ನೀವು ಹಿಕ್ಕೆ ನೋಡಿ. ಹಳೆಯ ಬಿಳಿ ಕಾಟನ್ ಪಂಚೆ ಹಾಸಿ, ಎಣಿಸಲು ಸುಲಭ. ಟೈಲ್ಸ್ ಮೇಲೆ ಕಾಲೂ ಜಾರುವುದಿಲ್ಲ. ಮರದ ಹೊಟ್ಟು ಮಾತ್ರ ಬೇಡ, ಗಾಯಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲ ದಿನ ಹಿಕ್ಕೆ ಮೆಣಸಿನಕಾಳಿನಷ್ಟು ಸಣ್ಣದಾಗಿ ನಾಲ್ಕೇ ನಾಲ್ಕು ಬಂದರೂ ಚಿಂತೆಯಿಲ್ಲ. ಆಮೇಲೆ ದೊಡ್ಡದಾಗುತ್ತಾ, ಜಾಸ್ತಿಯಾಗುತ್ತಾ ಹೋಗಬೇಕು. ಸುಮಾರು 12 ಗಂಟೆ ಏನೂ ತಿನ್ನಲಿಲ್ಲ, ಹಿಕ್ಕೆಯೂ ಹಾಕಲಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಡಾಕ್ಟರ್ ಹತ್ತಿರ ಓಡಿ.

ಅತ್ತೆಯವರಿಗೆ ಬೇಜಾರಾಗದಂತೆ ಹೇಳಿ, ಹಾಲನ್ನ ಮೊಲದ ಹೊಟ್ಟೆಗೆ ಆಗಿಬರುವುದಿಲ್ಲ. ಅದಕ್ಕೆ ಬೇಕಿರುವುದು ನಾರು. ದಿನಾ ತಿನ್ನುವ ಒಣಹುಲ್ಲನ್ನೇ ಇಡಿ. ಆಸೆ ಹುಟ್ಟಿಸಲು ಕೊತ್ತಂಬರಿ ಸೊಪ್ಪು, ಪುದೀನ. ಅತ್ತೆಯವರಿಗೆ ಒಂದು ಕೆಲಸವೂ ಇದೆ. ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ಗಣಪತಿಗೆ ಅಂತ ಕಟ್ಟು ಕಟ್ಟಾಗಿ ಮಾರುವ ದೂರ್ವೆ ನಮ್ಮ ಗರಿಕೆಯೇ ಅಲ್ವಾ? ಚೆನ್ನಾಗಿ ತೊಳೆದು, ನೀರು ಆರಿಸಿ, ಒಂದೊಂದೇ ಎಸಳು ಮೂಗಿನ ಹತ್ತಿರ ಹಿಡಿಯಲಿ. ಬಟ್ಟಲು ನೋಡದೆ ಮುಖ ತಿರುಗಿಸಿದ ಮೊಲ ಕೈಯಿಂದ ಗರಿಕೆ ಎಳೆದುಕೊಂಡು ತಿಂದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ನೀರನ್ನೂ ಬಾಟಲಿ ಬಿಟ್ಟು ಅಗಲ ಬಟ್ಟಲಲ್ಲಿಡಿ.

ಸಿರಿಂಜಿನಲ್ಲಿ ತಿನ್ನಿಸಿ ಅಂತ ಡಾಕ್ಟರ್ ಹೇಳಿದರೆ ಸೂಜಿ ತೆಗೆದು, ಮುಂಹಲ್ಲಿನ ಹಿಂದಿನ ಸಂದಿಯಲ್ಲಿ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಿ. ಅಂಗಾತ ಮಲಗಿಸಬೇಡಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಏನನ್ನೂ ತುರುಕದೆ ಆಸ್ಪತ್ರೆಗೆ ಒಯ್ಯಿರಿ.

ತಿನ್ನದಿರಲು ಹೆಚ್ಚಿನ ಸಲ ಕಾರಣ ನೋವು. ನೋವಾದರೂ ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ. ಮುದುಡಿ ಕೂತು, ಕಣ್ಣು ಅರ್ಧ ಮುಚ್ಚಿ, ಹಲ್ಲು ಕಟಕಟ ಮಸೆಯುತ್ತದೆ. ಮೆಲಾಕ್ಸಿಕಾಮ್‌ನಂಥ ನೋವಿನ ಔಷಧ ಬರೆದುಕೊಟ್ಟರೆ ಹೇಳಿದಷ್ಟು ದಿನ ತಪ್ಪದೆ ಹಾಕಿ. ಮಗುವಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ ಮಾತ್ರ ಕೊಡಲೇಬೇಡಿ, ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಬರುತ್ತದೆ.

ಗಾಯವನ್ನು ದಿನಕ್ಕೆ ಎರಡು ಸಲ ನೋಡಿದರೆ ಸಾಕು. ಸ್ವಲ್ಪ ಊತ ಮಾಮೂಲು. ಕೀವು, ರಕ್ತ, ಹೊಲಿಗೆ ಬಿಚ್ಚಿದ್ದು ಕಂಡರೆ ಫೋನ್ ಮಾಡಿ. ಸ್ನಾನ ಬೇಡ. ಗಾಯ ನೆಕ್ಕದಿರಲಿ ಅಂತ ಕುತ್ತಿಗೆಗೆ ಪ್ಲಾಸ್ಟಿಕ್ ಕೋನ್ ಕಟ್ಟುವುದು ನನಗೆ ಅಷ್ಟು ಇಷ್ಟವಿಲ್ಲ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಬಾಯಿಂದಲೇ ಎತ್ತಿ ತಿನ್ನಬೇಕು, ಅದಕ್ಕೆ ಅಡ್ಡಿ.

ಇನ್ನು ಜೋಡಿಯ ವಿಷಯ. ಬೀಜ ತೆಗೆದಮೇಲೂ ನಾಳದಲ್ಲಿ ವೀರ್ಯ ಉಳಿದಿರುತ್ತದೆ. 4ರಿಂದ 6 ವಾರ ಬೇರೆ ಬೇರೆ ಪಂಜರ, ಆದರೆ ಅಕ್ಕಪಕ್ಕ. ಮುಖ ನೋಡಿಕೊಂಡಿರಲಿ, ವಾಸನೆ ಮರೆಯದಿರಲಿ. ಐದು ನಿಮಿಷ ಆಡಲಿ ಪಾಪ ಅಂತ ಬಿಟ್ಟರೆ ಸುಮಾರು 31 ದಿನಕ್ಕೆ ಮನೆಯಲ್ಲಿ ಮರಿಗಳು. ಈಗಾಗಲೇ ಒಟ್ಟಿಗೆ ಇವೆ ಅಂದಿರಿ, ಹಾಗಾಗಿ ಹೆಣ್ಣನ್ನೂ ಅದೇ ದಿನ ಬುಟ್ಟಿಯಲ್ಲಿ ಕರೆದುಕೊಂಡು ಹೋಗಿ, ಗಬ್ಬವಾಗಿದೆಯಾ ಅಂತ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಲಿ.