ಬೀಡಿ ಬಿಡದೆ ಇನ್ಹೇಲರ್ ಕೆಲಸ ಮಾಡೀತೇ?

ಪ್ರಶ್ನೆ: ನಮ್ಮನೆಯವರಿಗೆ 44 ವರ್ಷ. ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿ ಕೆಲಸ. ಚಿಕ್ಕಂದಿನಿಂದ ಉಬ್ಬಸ, ಆದರೂ ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಡಾಕ್ಟರು ಎರಡು ಹೊತ್ತು ಎಳೆದುಕೊಳ್ಳುವ ಸ್ಟೀರಾಯ್ಡ್ ಇನ್ಹೇಲರ್ ಕೊಟ್ಟು ಮೂರು ತಿಂಗಳಾಯಿತು, ಜೊತೆಗೆ ಡೆರಿಫಿಲಿನ್ ಮಾತ್ರೆ. ಈಗಲೂ ರಾತ್ರಿ ಎದ್ದು ಕೂರುತ್ತಾರೆ. ‘ಬೀಡಿ ಸೇದಿದರೇ ಕಫ ಕರಗೋದು, ಇನ್ಹೇಲರ್ ಬರೀ ಚಟ’ ಅಂತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಔಷಧಿಯದು ತಪ್ಪಲ್ಲಮ್ಮ. ಒಂದು ಕೈಯಲ್ಲಿ ಇನ್ಹೇಲರ್, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದವರಲ್ಲಿ ಅದು ಸೋಲುವುದನ್ನು ನಾನು ನಮ್ಮ ಓಪಿಡಿಯಲ್ಲಿ ನೋಡುತ್ತಲೇ ಇದ್ದೇನೆ. ಉಬ್ಬಸದಲ್ಲಿ ಉಸಿರಿನ ಕೊಳವೆಗಳ ಒಳಗೋಡೆ ಬಾತಿರುತ್ತದೆ. ಆ ಬಾವು ಇಳಿಸುವುದೇ ಸ್ಟೀರಾಯ್ಡಿನ ಕೆಲಸ. ಆದರೆ ಹೊಗೆ ಸೇದುವವರಲ್ಲಿ ಬಾವಿನ ಜಾತಿಯೇ ಬದಲಾಗುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚುತ್ತವೆ, ಅವು ಸ್ಟೀರಾಯ್ಡಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡಲು ಬೇಕಾದ ಒಂದು ಕಿಣ್ವವನ್ನೂ ಹೊಗೆ ಕುಗ್ಗಿಸುತ್ತದೆ. ಬೀಡಿಯಲ್ಲಿ ಸಿಗರೇಟಿಗಿಂತ ತಂಬಾಕು ಕಡಿಮೆ ಎಂಬ ಸಮಾಧಾನವೂ ಬೇಡ. ಎಲೆ ಸುತ್ತಿದ ಬೀಡಿ ಬೇಗ ಆರುತ್ತದೆ, ಆರದಿರಲೆಂದು ಜೋರಾಗಿ, ಮತ್ತೆ ಮತ್ತೆ ಎಳೆಯಬೇಕು. ಅಷ್ಟೂ ಹೊಗೆ ಎದೆಯ ಆಳಕ್ಕೇ ಇಳಿಯುತ್ತದೆ.

‘ಕಫ ಕರಗುತ್ತೆ’ ಅನ್ನುವ ನಂಬಿಕೆ ತಪ್ಪು, ಆದರೂ ಅದಕ್ಕೊಂದು ಹಳೆಯ ಬೇರಿದೆ. ಹಿಂದೆ ಉಬ್ಬಸಕ್ಕೆ ಉಮ್ಮತ್ತಿ ಎಲೆಯ ಹೊಗೆ ಎಳೆಯುತ್ತಿದ್ದರು. ಅದರಲ್ಲಿ ಕೊಳವೆ ಸಡಿಲಿಸುವ ಅಂಶವಿತ್ತು, ಜೊತೆಗೆ ವಿಷವೂ ಇತ್ತು. ಅದನ್ನು ಯಾರೂ ಮಾಡಿ ನೋಡಬಾರದು. ತಂಬಾಕಿನಲ್ಲಂತೂ ಅಂಥದ್ದೇನಿಲ್ಲ. ಬೀಡಿಯ ನಂತರ ಅವರಿಗೆ ಸಿಗುವ ಹಾಯಿ ನಿಕೋಟಿನ್ ಹಂಬಲ ತಣಿದದ್ದು, ಕೆಮ್ಮಿ ಬರುವ ಕಫ ಹೊಗೆ ತಾನೇ ಮಾಡಿಸಿದ್ದು.

ಬಿಟ್ಟರೆ ಎಷ್ಟು ದಿನಕ್ಕೆ ಗುಣ? ಉಬ್ಬಸವಿದ್ದೂ ಸೇದುತ್ತಿದ್ದವರ ಮೇಲೆ ಗ್ಲಾಸ್ಗೋದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟವರ ಉಸಿರಿನ ಬಲ 6 ವಾರದಲ್ಲೇ ಎದ್ದು ಕಾಣುವಂತೆ ಹೆಚ್ಚಿತ್ತು. ಅಧ್ಯಯನ ಸಣ್ಣದು, ಆದರೆ ನನ್ನ ರೋಗಿಗಳಲ್ಲೂ ಅದೇ ಕಂಡಿದ್ದೇನೆ. ಮೊದಲ ಕೆಲವು ವಾರ ಕೆಮ್ಮು ಹೆಚ್ಚಾಗಬಹುದು. ‘ಬಿಟ್ಟಿದ್ದಕ್ಕೇ ಹೀಗಾಯ್ತು’ ಅಂತ ಮತ್ತೆ ಹಚ್ಚುವುದು ಆಗಲೇ. ಆ ಹೊತ್ತಿನಲ್ಲಿ ನೀವು ಅವರ ಪಕ್ಕ ಇರಿ.

ಇನ್ನೊಂದು ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ. ಡೆರಿಫಿಲಿನ್ ಮಾತ್ರೆಯಲ್ಲಿರುವ ಥಿಯೋಫಿಲಿನ್ ಹೊಗೆ ಸೇದುವವರ ಮೈಯಲ್ಲಿ ಬೇಗ ಕರಗಿ ಹೋಗುತ್ತದೆ. ಬೀಡಿ ನಿಂತ ಒಂದು ವಾರದೊಳಗೆ ಅದೇ ಮಾತ್ರೆ ರಕ್ತದಲ್ಲಿ ಏರತೊಡಗುತ್ತದೆ. ವಾಕರಿಕೆ, ಎದೆ ಡವಡವ, ಕೈನಡುಕ, ಮಿತಿ ಮೀರಿದರೆ ಫಿಟ್ಸ್ ಕೂಡ ಬರಬಹುದು. ಹಾಗಾಗಿ ಬಿಡುವ ದಿನ ಗೊತ್ತುಮಾಡಿಕೊಂಡು ಡಾಕ್ಟರಿಗೆ ಮೊದಲೇ ತಿಳಿಸಿ, ಡೋಸ್ ಅವರೇ ಇಳಿಸುತ್ತಾರೆ. ನಿಕೋಟಿನ್ ಗಮ್ ಬಗ್ಗೆಯೂ ಆಗಲೇ ಕೇಳಿ. ಬಿಡಲು ಮನಸ್ಸು ಮಾಡಿದವರಿಗೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ, ಕರೆ ಉಚಿತ.

ಇನ್ಹೇಲರ್ ಚಟ ಹಿಡಿಸುವುದಿಲ್ಲ. ಬೀಡಿ ಬಿಡುವ ಮೊದಲಾಗಲಿ, ಬಿಟ್ಟ ಮೇಲಾಗಲಿ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ. ಎಳೆಯುವ ರೀತಿಯನ್ನು ಡಾಕ್ಟರ ಮುಂದೆಯೇ ಮಾಡಿ ತೋರಿಸಲಿ, ಸ್ಪೇಸರ್ (ಇನ್ಹೇಲರಿನ ಬಾಯಿಗೆ ಸಿಕ್ಕಿಸುವ ಕೊಳವೆ) ಇದ್ದರೆ ಔಷಧಿ ಇನ್ನೂ ಒಳಗಿಳಿಯುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಮೆಕ್ಕೆಜೋಳದ ಚೀಲ ಎತ್ತುವಾಗ ಏಳುವ ಧೂಳಿಗೆ ಟವೆಲ್ ಸಾಲದು, ಎನ್95 ಮಾಸ್ಕ್ ಹಾಕಿಕೊಳ್ಳಲಿ. ಇಷ್ಟು ವರ್ಷ ಸೇದಿದವರಿಗೆ ಬರೀ ಉಬ್ಬಸವೋ, ಶ್ವಾಸಕೋಶವೂ ಸವೆದಿದೆಯೋ ಎಂದು ತಿಳಿಯಲು ಒಮ್ಮೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ ಮಾಡಿಸಿ.

ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ತುರ್ತಿಗೆ ಕೊಟ್ಟ ನೀಲಿ ಇನ್ಹೇಲರಿಗೂ ಜಗ್ಗದಿದ್ದರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.