ಕೊನೇ ಹಂತದ ಕಾಯಿಲೆ ಇರುವ ಬೆಕ್ಕನ್ನು ಮನೆಯ ಬೇರೆ ಬೆಕ್ಕುಗಳಿಂದ ದೂರ ಇಡಬೇಕಾ?

ಬೇಡ ಮಾರಾಯ್ರೆ, ಬಾಗಿಲು ಹಾಕಬೇಡಿ.

ಕಿಡ್ನಿ ಹೋದ ಒಂದು ಬೆಕ್ಕು. ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ಕಂಡರೆ ಗುರ್ ಅನ್ನುವ ಇನ್ನು ಮೂರು. "ಕೊನೇ ದಿನಗಳಾದರೂ ನೆಮ್ಮದಿಯಾಗಿರಲಿ, ಬೇರೆ ರೂಮಿನಲ್ಲಿ ಇಡಲಾ?" ಅನ್ನುವ ನಿಮ್ಮ ಪ್ರಶ್ನೆ. ನಾನು ಯಾರನ್ನೂ ಕೇಳಲಿಲ್ಲ, ಇಟ್ಟೇಬಿಟ್ಟೆ. ಅದನ್ನೇ ಹೇಳುತ್ತೇನೆ.

ನಮ್ಮದು ಉಡುಪಿ ಹತ್ತಿರ. ಚಿನ್ನಿ ಮತ್ತು ಗುಂಡ ಒಂದೇ ಸೂಲಿನ ಮರಿಗಳು, 12 ವರ್ಷ ಆಗಿತ್ತು. ಕರಿಯ, ಮಿಂಚು ಆಮೇಲೆ ತಾವಾಗಿಯೇ ಬಂದು ಸೇರಿಕೊಂಡವರು. ಚಿನ್ನಿ ಮೇ ತಿಂಗಳಲ್ಲಿ ಸಿಕ್ಕಾಪಟ್ಟೆ ನೀರು ಕುಡಿಯುತ್ತಿದ್ದಳು, ಬಚ್ಚಲಿನ ಬಕೆಟ್ಟಿಗೇ ಬಾಯಿ ಹಾಕುತ್ತಿದ್ದಳು. ಸೆಕೆಗೆ ಅಂದುಕೊಂಡೆವು. 4 ಕೆ.ಜಿ. ಇದ್ದವಳು 2.8ಕ್ಕೆ ಇಳಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ರಕ್ತದ ಕಸ) 8 ದಾಟಿತ್ತು. 5 ದಾಟಿದರೇ ಕೊನೇ ಹಂತ. ಕಿಡ್ನಿ ಮುಕ್ಕಾಲು ಭಾಗ ಕೆಟ್ಟ ಮೇಲೆಯೇ ಈ ನಂಬರ್ ಏರಲು ಶುರುವಾಗುವುದು, ಹಾಗಾಗಿ ನಮಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು ಅನ್ನಿ. ಮೂರು ದಿನ ಆಸ್ಪತ್ರೆಯಲ್ಲೇ ಡ್ರಿಪ್ಸ್ ಹಾಕಿ, "ಇನ್ನು ಕೆಲವು ವಾರ. ಮನೆಗೆ ಕರ್ಕೊಂಡು ಹೋಗಿ, ರೆಸ್ಟ್ ಕೊಡಿ" ಅಂದರು ಡಾಕ್ಟ್ರು.

ಬುಟ್ಟಿ ತಂದು ಜಗಲಿಯಲ್ಲಿ ಇಟ್ಟೆ. ಗುಂಡ ಬಾಲ ಎತ್ತಿಕೊಂಡು ಓಡಿ ಬಂದ, ಮೂಸಿದ, ಕಿವಿ ಹಿಂದಕ್ಕೆ ಮಾಡಿ ಬುಸ್ ಅಂದ. ಕರಿಯ ಕೈ ಎತ್ತಿಯೇಬಿಟ್ಟ. ನನಗೆ ಕರುಳು ಕಿತ್ತುಬಂತು. ಕಾಯಿಲೆ ಬಿದ್ದವಳನ್ನು ಇವರೆಲ್ಲ ಸೇರಿ ಓಡಿಸುತ್ತಿದ್ದಾರೆ ಅಂತ ನಾನೇ ತೀರ್ಮಾನ ಮಾಡಿ ಅವಳನ್ನು ಮಾಳಿಗೆಯ ರೂಮಿಗೆ ಹಾಕಿ ಚಿಲಕ ಹಾಕಿದೆ. ಒಂಬತ್ತು ದಿನ!

ಎಲ್ಲಿ ಎಡವಿದೆ ಅಂದರೆ, ಅವು ಓಡಿಸುತ್ತಿದ್ದದ್ದು ಚಿನ್ನಿಯನ್ನಲ್ಲ, ಆಸ್ಪತ್ರೆಯ ವಾಸನೆಯನ್ನು. ಬೆಕ್ಕುಗಳು ಒಂದನ್ನೊಂದು ಗುರುತು ಹಿಡಿಯುವುದು ಮುಖ ನೋಡಿ ಅಲ್ಲ, ಮೂಸಿ. ಕೆನ್ನೆ ಉಜ್ಜಿಕೊಂಡು, ಒಂದರ ಮೇಲೊಂದು ಮಲಗಿ ಮಲಗಿ ಮನೆಯ ಬೆಕ್ಕುಗಳಿಗೆಲ್ಲ ಒಂದೇ ವಾಸನೆ ಬಂದಿರುತ್ತದೆ. ಮೂರು ದಿನ ಸ್ಪಿರಿಟ್ಟು, ಬೇರೆ ನಾಯಿ ಬೆಕ್ಕುಗಳ ನಡುವೆ ಇದ್ದವಳಿಗೆ ಆ ವಾಸನೆ ಹೋಗಿರುತ್ತದೆ. ಗುಂಡನ ಲೆಕ್ಕದಲ್ಲಿ ಬುಟ್ಟಿಯಿಂದ ಇಳಿದದ್ದು ಯಾವುದೋ ಊರಿನ ಬೆಕ್ಕು. ಸುಮ್ನೆ ಬಿಟ್ಟಿದ್ದರೆ ಒಂದೆರಡು ದಿನ ಬುಸ್ ಬುಸ್ ಅಂದು ಸರಿಹೋಗುತ್ತಿತ್ತು. ನಾನು ಬಾಗಿಲು ಹಾಕಿ ಉಳಿದಿದ್ದ ಅಷ್ಟಿಷ್ಟು ವಾಸನೆಯನ್ನೂ ಕಳೆದೆ.

ಇನ್ನೂ ಒಂದಿದೆ. ಆ ಬಾಗಿಲಿನ ಕೆಳಗೆ ಎರಡು ಬೆರಳಷ್ಟು ಸಂದಿ. ಮೂರನೇ ದಿನದಿಂದ ಗುಂಡ ಅಲ್ಲಿ ಅಡ್ಡ ಮಲಗಿ ಕೈ ಒಳಗೆ ತೂರಿಸಿ ಕೆರೆಯುತ್ತಿದ್ದ. ಆಗ ಜುಲೈ, ಟ್ರಾಲ್ ಬೋಟ್ ಬಂದ್, ಬಂಗುಡೆ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಹಾಗಾಗಿ ಮೀನು ಚಿನ್ನಿಗೆ ಮಾತ್ರ. ಇವನು ಮೀನಿನ ಆಸೆಗೆ ಬಂದಿದ್ದಾನೆ ಅಂತ ನಾನು ಪ್ರತಿ ಸಲ ಶೂ ಶೂ ಅಂತ ಓಡಿಸಿದೆ. ಒಳಗೆ ಅವಳು ಮಂಚದಡಿಯ ಮೂಲೆ ಬಿಟ್ಟು ಬರುತ್ತಿರಲಿಲ್ಲ, ನಾಲ್ಕನೇ ದಿನಕ್ಕೆ ತಿನ್ನುವುದನ್ನೇ ಬಿಟ್ಟಳು. ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದುಕೊಂಡೆ. ಒಂದು ದಿನ ಬೆಳಿಗ್ಗೆ ಬಟ್ಟಲು ಎತ್ತಲು ಬಗ್ಗಿದಾಗ ನೋಡುತ್ತೇನೆ, ಸಂದಿಯ ಆಚೆ ಗುಂಡನ ಕೈ, ಈಚೆ ಅದಕ್ಕೆ ಒತ್ತಿಕೊಂಡ ಹಾಗೆ ಚಿನ್ನಿಯ ಬೆನ್ನು. ಬಟ್ಟಲಿನಲ್ಲಿ ಮೀನು ಹಾಗೇ ಇತ್ತು.

ಅವತ್ತೇ ಚಿಲಕ ತೆಗೆದೆ. ಒಂದೇ ಟವೆಲ್ಲಿನಿಂದ ಮೊದಲು ಗುಂಡನ ಕೆನ್ನೆ, ಆಮೇಲೆ ಕರಿಯ, ಮಿಂಚು, ಕೊನೆಗೆ ಚಿನ್ನಿಯ ಮೈ, ಹೀಗೆ ದಿನಕ್ಕೆ ನಾಲ್ಕೈದು ಸಲ ಒರೆಸಿದೆ. ಮೂರು ದಿನ ಬೇಕಾಯಿತು. ಆಮೇಲೆ ಅವಳು ದಿನಕ್ಕೆ ಎರಡು ತುಂಡಾದರೂ ತಿನ್ನತೊಡಗಿದಳು. ಕಿಡ್ನಿಯೇನೂ ಸರಿಯಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಟ್ಟು 21 ದಿನ ಇದ್ದಳು. ಅದರಲ್ಲಿ ಒಂಬತ್ತು ನಾನು ತಿಂದುಹಾಕಿದೆ.

ಹಾಗಾಗಿ ಒಳಗಾ ಹೊರಗಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಕಿಡ್ನಿ ಕಾಯಿಲೆ ಅಂಟುವುದಿಲ್ಲ. ಫೆಲೈನ್ ಲ್ಯುಕೇಮಿಯಾ ವೈರಸ್ ಇದ್ದರೆ ಮಾತು ಬೇರೆ, ಅದು ಜೊಲ್ಲಿನಿಂದ ಹರಡುತ್ತದೆ. ಆ ಟೆಸ್ಟ್ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಅದಿಲ್ಲ, ಆದರೂ ಒಂದು ಬೆಕ್ಕು ನಿಜವಾಗಿ ಮೇಲೆ ಬಿದ್ದು ಕಚ್ಚುತ್ತಿದೆ ಅಂದರೆ ಅದನ್ನು ರೂಮಿಗೆ ಹಾಕಿ. ಶಿಕ್ಷೆ ಕಾಯಿಲೆಯವಳಿಗೆ ಯಾಕೆ?

ಊಟ ಮಾತ್ರ ಬೇರೆ ಕೊಡಿ, ಅದೂ ತಿನ್ನುವ ಕಾಲು ಗಂಟೆಗೆ. ಒಂದೇ ತಟ್ಟೆಯಾದರೆ ಯಾರು ತಿಂದರು ಅಂತ ಗೊತ್ತೇ ಆಗುವುದಿಲ್ಲ. ಈ ಹಂತದಲ್ಲಿ ಕಿಡ್ನಿ ಫುಡ್ಡೇ ಆಗಬೇಕು ಅಂತ ಹಠ ಬೇಡ ಅನ್ನುವುದು ನನ್ನ ಅಭಿಪ್ರಾಯ, ಏನು ತಿನ್ನುತ್ತಾಳೋ ಅದು. ಒಣಮೀನು, ಉಪ್ಪು ಹಾಕಿದ್ದು ಬೇಡ. ಮಣ್ಣಿನ ಟ್ರೇ ಅಂಚು ಗಿಡ್ಡ ಇರಲಿ, ಅವಳು ಮಲಗುವ ಜಾಗದ ಹತ್ತಿರ ಇರಲಿ. ನೋವಿಗೆ ಅಂತ ನಮ್ಮ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. (ಪಕ್ಕದ ಮನೆಯವರು ಪ್ರೀತಿಯಿಂದಲೇ ಅರ್ಧ ಮಾತ್ರೆ ತಂದುಕೊಟ್ಟಿದ್ದರು.)

ಡ್ರಿಪ್ಸ್ ಮನೆಯಲ್ಲೇ ಹಾಕಲು ಡಾಕ್ಟ್ರು ಕಲಿಸುತ್ತಾರೆ, ಹೆದರಬೇಡಿ. ನಮಗೆ ಹೇಳಿದ್ದು ದಿನಕ್ಕೆ 100 ಎಂ.ಎಲ್. ರಿಂಗರ್ ಲ್ಯಾಕ್ಟೇಟ್, ಅಂದರೆ ಲವಣ ಬೆರೆಸಿದ ಡ್ರಿಪ್ಸ್ ನೀರು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಕಿಟಕಿ ಸರಳಿಗೆ ನೇತುಹಾಕುತ್ತಿದ್ದೆವು. ಅಮ್ಮ ಚಿನ್ನಿಯನ್ನು ಮಡಿಲಲ್ಲಿ ಹಿಡಿಯುವರು, ನಾನು ಭುಜದ ನಡುವಿನ ಚರ್ಮ ಎತ್ತಿ ಅದರ ಅಡಿಗೆ ಸೂಜಿ ಹಾಕುವುದು. ನೀರು ಬೆನ್ನ ಮೇಲೆ ಗುಬುಟಾಗಿ ಆಮೇಲೆ ಮುಂಗಾಲಿನ ಕಡೆ ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಮಿಂಚು ಮಾತ್ರ ಪ್ರತಿ ದಿನ ಎದುರು ಕೂತು ಹನಿ ಬೀಳುವುದನ್ನೇ ನೋಡುತ್ತಿದ್ದಳು.

ನರಳದೆ ಜೀವ ಹೋಗಲಿ ಅಂತ ಡಾಕ್ಟ್ರು ಕೊಡುವ ಕೊನೆಯ ಇಂಜೆಕ್ಷನ್ನನ್ನು ಉಳಿದ ಬೆಕ್ಕುಗಳು ನೋಡಬಾರದಾ ಅಂತಲೂ ಕೇಳಿದ್ದೀರಿ. ಮನೆಗೆ ಬರುವ ಡಾಕ್ಟ್ರು ಸಿಕ್ಕರೆ ಮನೆಯಲ್ಲೇ ಕೊಡಿಸಿ, ಬೆಕ್ಕುಗಳನ್ನು ಅವುಗಳ ಪಾಡಿಗೆ ಬಿಡಿ. ನಮ್ಮಲ್ಲಿ ಜಗಲಿಯಲ್ಲೇ ಆಯಿತು. ಅವಳನ್ನು ಅದೇ ಟವೆಲ್ಲಿನ ಮೇಲೆ ಒಂದು ಗಂಟೆ ಹಾಗೇ ಬಿಟ್ಟೆವು. ಕರಿಯ ತಿರುಗಿಯೂ ನೋಡಲಿಲ್ಲ. ಗುಂಡ ಬಂದು ಕಿವಿಯ ಹತ್ತಿರ ಮೂಸಿದ, ಒಂದು ಸುತ್ತು ಹಾಕಿದ, ಸೀದಾ ಅಡುಗೆಮನೆಗೆ ಹೋಗಿ ಮೀನಿನ ಡಬ್ಬಿಯ ಹತ್ತಿರ ಕೂತು ಕೂಗಿದ. ಅವತ್ತು ಅವನಿಗೆ ನಿಜವಾಗಿಯೂ ಮೀನೇ ಬೇಕಿತ್ತು. ಕೊಟ್ಟೆ.