ಬೋರ್ಡಿನಲ್ಲಿ ಲೆಕ್ಕ ತಪ್ಪಿದರೆ ಆಪ್ಟಿಮೈಸೇಷನ್ ನಿಲ್ಲಿಸಬೇಡಿ

ಪ್ರಶ್ನೆ: ನಮ್ಮ ಸಿ++ ಪ್ರೋಗ್ರಾಮ್ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿದೆ. ಎಆರ್‌ಎಂ ಲಿನಕ್ಸ್ ಬೋರ್ಡಿನಲ್ಲಿ ಜಿಸಿಸಿ ಕಂಪೈಲರ್‌ಗೆ -ಓ2 (ವೇಗಕ್ಕಾಗಿ ಆಪ್ಟಿಮೈಸ್ ಮಾಡುವ ಆಯ್ಕೆ) ಕೊಟ್ಟರೆ ಲೆಕ್ಕ ತಪ್ಪುತ್ತದೆ, -ಓ0 (ಆಪ್ಟಿಮೈಸೇಷನ್ ಇಲ್ಲದ ಆಯ್ಕೆ) ಕೊಟ್ಟರೆ ಸರಿಹೋಗುತ್ತದೆ. ಕಂಪೈಲರ್‌ನಲ್ಲೇ ದೋಷವಿದೆ, ಬೋರ್ಡಿಗೆ -ಓ0 ಇಟ್ಟುಬಿಡಿ ಎಂದು ತರಬೇತಿ ಕೇಂದ್ರದವರು ಹೇಳುತ್ತಾರೆ. ಇಡಬಹುದೇ?
– ಎಲೆಕ್ಟ್ರಾನಿಕ್ ಸಿಟಿಯ ಓದುಗರು

ಉತ್ತರ: ಖಂಡಿತ ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಇದೇ ಕೆಟ್ಟ ಸಲಹೆಯನ್ನು ಹೊತ್ತುಕೊಂಡು. ಹಣ ಪಡೆದು ಪಾಠ ಹೇಳುವವರು ಹೀಗೆ ದಾರಿ ತಪ್ಪಿಸುವುದನ್ನು ಕಂಡರೆ ಸಿಟ್ಟು ಬರುತ್ತದೆ. -ಓ0 ತಪ್ಪನ್ನು ಮುಚ್ಚಿಡುತ್ತದೆ, ಅಷ್ಟೇ. ಮುಂದಿನ ಕಂಪೈಲರ್ ಆವೃತ್ತಿಯಲ್ಲಿ ಅದು ಗ್ರಾಹಕರ ಕಣ್ಣೆದುರೇ ಹೊರಬೀಳಬಹುದು.

ಒಂದು ಬೈಟಿನ ‘ಚಾರ್’ ಚರಾಂಕ ಎಆರ್‌ಎಂ ಲಿನಕ್ಸ್‌ನಲ್ಲಿ ಋಣಸಂಖ್ಯೆ ಹಿಡಿಯುವುದಿಲ್ಲ, ಇಂಟೆಲ್‌ನಲ್ಲಿ ಹಿಡಿಯುತ್ತದೆ. ಆದರೆ ಅದೇ ಕಾರಣವಾಗಿದ್ದರೆ -ಓ0ದಲ್ಲೂ ಲೆಕ್ಕ ಕೆಡುತ್ತಿತ್ತು. ಹಾಗಾಗಿ ಬೇರೆಡೆ ಹುಡುಕಿ. ದಶಮಾಂಶದ ಕೊನೆಯ ಅಂಕಿಗಳಷ್ಟೇ ಬದಲಾಗುತ್ತಿವೆಯೇ? 64 ಬಿಟ್ ಎಆರ್‌ಎಂನಲ್ಲಿ ಗುಣಾಕಾರ, ಸಂಕಲನ ಎರಡನ್ನೂ ಒಂದೇ ಸಲ ದುಂಡಾಗಿಸುವ ಎಫ್‌ಎಂಎ ಸೂಚನೆ ಸದಾ ಲಭ್ಯ. ಜಿಸಿಸಿ ಆಪ್ಟಿಮೈಸ್ ಮಾಡುವಾಗ ಅದನ್ನು ಬಳಸುತ್ತದೆ. ಇಂಟೆಲ್‌ನ ಮೂಲ 64 ಬಿಟ್ ಸೂಚನೆಗಳಲ್ಲಿ ಅದಿಲ್ಲ. ಅದರ ಬಳಕೆ ತಡೆಯಲು -ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್ ಕೊಟ್ಟು ನೋಡಿ.

ಉತ್ತರವೇ ಪೂರ್ತಿ ಬೇರೆಯಾಗಿದ್ದರೆ ಆರಂಭಿಕ ಬೆಲೆ ಕೊಡದ ಚರಾಂಕ, ಮಿತಿ ಮೀರುವ ‘ಇಂಟ್’, ಅರೇ ಆಚೆಯ ಬರಹ, ಇವುಗಳ ಮೇಲೆ ನನ್ನ ಮೊದಲ ಅನುಮಾನ. ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಸರ್ (ಓಡುವಾಗಲೇ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯಗಳು) ಹಾಕಿ ಲ್ಯಾಪ್‌ಟಾಪಿನಲ್ಲೇ ಓಡಿಸಿ; ಆರಂಭಿಕ ಬೆಲೆಯ ತಪ್ಪಿಗೆ ಮೆಮೊರಿ ತಪಾಸಣೆಯ ಸಾಧನ ವ್ಯಾಲ್‌ಗ್ರಿಂಡ್ ಬೇಕು. ಥ್ರೆಡ್‌ಗಳಿದ್ದರೆ ‘ವೊಲಟೈಲ್’ ನಂಬಬೇಡಿ, ‘ಅಟಾಮಿಕ್’ ಬಳಸಿ. ಇಂಟೆಲ್ ಮೆಮೊರಿ ಬರಹಗಳ ಕ್ರಮ ಕಾಯುತ್ತದೆ. ಎಆರ್‌ಎಂ ಹಾಗೆ ಕಾಯಬೇಕೆಂದಿಲ್ಲ.

ಇನ್ನು, ನೀವು ಕಳುಹಿಸಿದ ಸಿಮೇಕ್ (ಬಿಲ್ಡ್ ಸಿದ್ಧಪಡಿಸುವ ಸಾಧನ) ಕಡತದಲ್ಲಿ ಎಲ್ಲ ಕಂಪೈಲರ್‌ಗಳಿಗೂ -ಓ3 ಬರೆದಿದ್ದೀರಿ. ಅಳಿಸಿ. ವಿಂಡೋಸ್‌ನ ಎಂಎಸ್‌ವಿಸಿಗೆ ಓ3 ಗೊತ್ತೇ ಇಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತದೆ. ‘ರಿಲೀಸ್’ ಆರಿಸಿದರೆ ಸಿಮೇಕ್ ತಾನೇ ಜಿಸಿಸಿಗೆ -ಓ3, ಎಂಎಸ್‌ವಿಸಿಗೆ /ಓ2 ಕೊಡುತ್ತದೆ.

ಪ್ರಶ್ನೆ: ಗ್ರಾಹಕರಿಗೆ ಕೊಡುವ ಬಿಲ್ಡ್‌ಗೆ -ಮಾರ್ಚ್=ನೇಟಿವ್ (ಬಿಲ್ಡ್ ಮಾಡುವ ಯಂತ್ರದ ಪ್ರೊಸೆಸರ್‌ಗೇ ಹೊಂದಿಸುವ ಆಯ್ಕೆ) ಹಾಕಬಹುದೇ? – ಯಲಹಂಕದ ಓದುಗರು

ಉತ್ತರ: ಬೇಡ. ಹಳೆಯ ಪ್ರೊಸೆಸರ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಹೋಗಬಹುದು.

ಪ್ರಶ್ನೆ: ಜಿಸಿಸಿಯ -ಓಫಾಸ್ಟ್ ಆಯ್ಕೆ ಎಂದರೆ ಉಚಿತ ವೇಗ ಎಂದು ವಿಡಿಯೊದಲ್ಲಿ ನೋಡಿದೆ. – ಜಯನಗರದ ಓದುಗರು

ಉತ್ತರ: ಉಚಿತವಲ್ಲ. ನಿಮ್ಮ ‘ನ್ಯಾನ್’ (ಸಂಖ್ಯೆಯಲ್ಲದ ಬೆಲೆ) ಪರೀಕ್ಷೆಗಳನ್ನೇ ಅದು ಕಿತ್ತುಹಾಕಬಹುದು. ಅಂಥ ವಿಡಿಯೊ ನೋಡುವುದು ಬಿಟ್ಟು ಜಿಸಿಸಿ ಕೈಪಿಡಿ ಓದಿ.